ಪೂಜಾರರ ಮನೆಗೆ ಅಕ್ಕೋರು ಯಾಕೆ ಬರುತ್ತಾರೆ?

ನನ್ನ ಕಂಪೌಂಡರ್ ಅಪ್ಪಾ,

ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ನೀನು ನಿನ್ನ ಬಿಳಿ ಅಂಗಿಗೆ ಗಂಜಿ ಹಾಕಿ, ನಮ್ಮ ಕೈಗೆ ಎಟುಕದ ಹಾಗೆ ಎತ್ತರದ ಹಗ್ಗದ ಮೇಲೆ ಒಣಹಾಕುತ್ತಿದ್ದದ್ದು ನೆನಪಾಗುತ್ತದೆ. ಮರುದಿನ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳು ಸದ್ದು ಶುರು ಮಾಡುವುದಕ್ಕೂ ಮೊದಲೇ ನೀನು ಶಾಲೆಯ ಮೈದಾನದಲ್ಲಿ ಇರುತ್ತಿದ್ದೆ. ಸುಣ್ಣದ ಗೆರೆ ಎಳೆಯುವವನು ನೀನು, ಕುರ್ಚಿ ಹೊರುವವನು ನೀನು. ದವಾಖಾನೆಯಲ್ಲಿ ಯಾರಿಗಾದರೂ ರಕ್ತ ಬೇಕೆಂದರೆ ಮೊದಲು ಚಾಚಿದ ತೋಳು ನಿನ್ನದು. ಮತದಾನದ ದಿನ ಬಾಗಿಲು ತೆರೆಯುವ ಮುಂಚೆ ಸಾಲಿನ ಮುಂದೆ ನೀನು. ಊಟದ ಮುಂಚಿನ ಪ್ರಾರ್ಥನೆಯಲ್ಲಿ ದೇಶ, ಊರು, ನಗರಸಭೆ ಎಲ್ಲ ಬಂದು, ಕೊನೆಗೆ ನಳಕ್ಕೆ ನೀರು ಬಿಡುವವನೂ ಬರುತ್ತಿದ್ದ. ಅಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. ನನಗೆ ಆಗಿನಿಂದಲೂ ಅನುಮಾನ. ಇಷ್ಟೆಲ್ಲ ಯಾಕೆ? ಒಮ್ಮೆ ಕೇಳಿಯೇಬಿಟ್ಟೆ. "ಅಪ್ಪಾ, ಮಂದಿ ನಮ್ಮನ್ನ ನಂಬಲಿ ಅಂತ ಇದನ್ನೆಲ್ಲಾ ಮಾಡ್ತೀ ಏನ?" ನೀನು ಗುಂಡಿ ಹಾಕಿಕೊಳ್ಳುತ್ತ, "ಹೊತ್ತಾತು, ಚಪ್ಪಲಿ ಹಾಕ್ಕೋ" ಎಂದೆ. ಅದು ಉತ್ತರವಾಗಿತ್ತೇ?

ನೀನು ತೀರಿಕೊಂಡ ಮೇಲೆ ನಾನು ನಿವೃತ್ತಳಾದೆ. ಶಿರಹಟ್ಟಿ ತಾಲ್ಲೂಕಿನ ಶಾಲೆಗಳಲ್ಲಿ ಅಕ್ಷರ ಕಲಿಸುತ್ತ ಕಲಿಸುತ್ತ, ಎಲ್ಲರ ಬಾಯಲ್ಲೂ 'ಅಕ್ಕೋರು' ಆಗಿ ತಲೆ ಬೆಳ್ಳಗಾಯಿತು. ಈಗ ಲಕ್ಷ್ಮೇಶ್ವರದಲ್ಲಿ ಇದ್ದೇನೆ. ಒಂದು ದಿನ ಬಿ.ಪಿ. ಗುಳಿಗೆ ತರಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಅಲ್ಲಿಯ ಡಾಕ್ಟರಮ್ಮ ನನ್ನನ್ನು ಒಳಗೆ ಕೂರಿಸಿಕೊಂಡರು. ಹತ್ತಿರದ ಹಳ್ಳಿಯ ಒಂದು ಮನೆಯ ಸೊಸೆಗೆ ಟಿ.ಬಿ. ಆಗಿದೆ, ಗುಳಿಗೆ ತಪ್ಪದೆ ನುಂಗಿಸಬೇಕು, ಆದರೆ ಆಶಾ ಕಾರ್ಯಕರ್ತೆ ಅದೇ ಓಣಿಯವಳು, ಆಕೆ ಮನೆಗೆ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಮನೆಯವರು ಬಾಗಿಲು ಹಾಕಿಕೊಂಡಿದ್ದಾರೆ ಎಂದರು. "ಹೊರಗಿನವರು ಯಾರರೆ ಬೇಕ್ರಿ ಅಕ್ಕೋರ. ನೀವು ಹೋದ್ರ ಯಾರೂ ಏನೂ ತಿಳ್ಕೊಳ್ಳೂದಿಲ್ಲ." ಯಾರೂ ಏನೂ ತಿಳಿದುಕೊಳ್ಳುವುದಿಲ್ಲವಂತೆ! ಆ ಡಾಕ್ಟರಮ್ಮ ಈ ಸೀಮೆಗೆ ಹೊಸಬರು. ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ಬಸ್ಸಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ. ಬಿಳಿ ಅಂಗಿಯ ನಿನ್ನ ರಕ್ತ ನನ್ನಲ್ಲೂ ಹರಿಯುತ್ತಿದೆಯೋ, ಇಲ್ಲ ಮನೆಯಲ್ಲಿ ಕೂತು ಬೇಸರವಾಗಿತ್ತೋ...

ಆಕೆಯನ್ನು ರತ್ನಾ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ. ಊರಿನ ಹೆಸರೂ ಬೇಡ. ಬೆಳ್ಳಟ್ಟಿಯ ಕಡೆಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿಯಬೇಕು ಎಂದರೆ ಸಾಕು. ಆಕೆಯ ಮಾವ ಊರ ಗುಡಿಯ ಪೂಜಾರರು. ಅಜ್ಜ ಮುತ್ತಜ್ಜನ ಕಾಲದಿಂದ ಆ ಮನೆಯವರದೇ ಪೂಜೆ. ಅತ್ತೆ ಇಲ್ಲ. ಗಂಡ ಹುಬ್ಬಳ್ಳಿಯಲ್ಲಿ ಲಾರಿ ಆಫೀಸಿನಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಬರುತ್ತಾನೆ. ಮದುವೆಯ ವಯಸ್ಸಿಗೆ ಬಂದ ನಾದಿನಿ ಒಬ್ಬಳು ಮನೆಯಲ್ಲಿ ಇದ್ದಳು. ಮೊದಲ ದಿನ ನಾನು ಬಾಗಿಲಲ್ಲಿ ನಿಂತಾಗ ಪೂಜಾರರು ನನ್ನ ಬರಿಗೊರಳನ್ನೂ ಬರಿಹಣೆಯನ್ನೂ ನೋಡಿದರು. "ನೀವು ಯಾವ ಮಂದಿ?" ಎಂದರು. "ಕ್ರೈಸ್ತರ್ರಿ. ಬೆಟಗೇರಿಯವರು." ಅವರು "ಗುಳಿಗಿ ಅಷ್ಟ ಕೊಟ್ಟು ಹೋಗ್ತೀರೋ, ಮತ್ತೇನರೆ ಐತೋ?" ಎಂದು ಕೇಳಿದರು. "ಗುಳಿಗಿ ಅಷ್ಟರಿ, ಯಜಮಾನ್ರ." "ನೋಡೂಣು" ಎಂದು ಅವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ನಾನು ಬಂದಾಗಲೆಲ್ಲ ಅಲ್ಲೇ ಕೂರುತ್ತಿದ್ದರು. ನನ್ನ ತುಟಿಗಳನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ಉಸಿರೆಳೆದರೂ ಒಳಗೊಳಗೇ ಏನೋ ಜಪಿಸುತ್ತಿದ್ದೇನೆ ಅನ್ನುವ ಹಾಗೆ.

ಅವರದಷ್ಟೇ ಅನುಮಾನ ಎಂದುಕೊಳ್ಳಬೇಡ, ಅಪ್ಪಾ. ನನ್ನದೂ ಕಡಿಮೆ ಇರಲಿಲ್ಲ. ವಾರಕ್ಕೆರಡು ಸಲ ನಾನು ಹೋಗುವುದು, ಎದುರಿಗೆ ಅಂದಿನ ಗುಳಿಗೆ ನುಂಗಿಸುವುದು, ನಡುವಿನ ದಿನಗಳದ್ದನ್ನು ಕೊಟ್ಟು ಬರುವುದು. ಒಂದು ದಿನ ಹಿತ್ತಲಿನಲ್ಲಿ ಕೈ ತೊಳೆಯಲು ಹೋದಾಗ ತುಳಸಿಕಟ್ಟೆಯ ಮಣ್ಣಿನಲ್ಲಿ ಕೆಂಪಗೆ ಏನೋ ಕಂಡಿತು. ಕೆದರಿದೆ. ಕರಗಿ ಅರ್ಧವಾಗಿದ್ದ ಗುಳಿಗೆಗಳು. ಒಳಗೆ ಬಂದು ರತ್ನಾಳ ಕಡೆ ನೋಡಿದೆ. ಆಕೆ ತಲೆ ಎತ್ತಲಿಲ್ಲ. ಅಂದಿನಿಂದ ಒಂದನೇ ಇಯತ್ತೆಯ ಮಕ್ಕಳಿಗೆ ಹೇಳಿದ ಹಾಗೆ, "ಬಾಯಿ ತಗಿ. ನಾಲಿಗಿ ಎತ್ತು" ಎಂದು ಹೇಳತೊಡಗಿದೆ. ಆಕೆ ಬಾಯಿ ತೆರೆದಾಗ ಮಾವ ಮುಖ ಆಚೆ ತಿರುಗಿಸುತ್ತಿದ್ದರು.

"ಯಾಕ ಒಗದಿ?" ಎಂದು ಬಚ್ಚಲ ಹತ್ತಿರ ಮೆಲ್ಲಗೆ ಕೇಳಿದೆ. ಆಕೆ ಅಳುತ್ತ, "ಒಂದಕ್ಕ ಹೋದ್ರ ಕೆಂಪಗ ಆಗ್ತೈತ್ರಿ ಅಕ್ಕೋರ. ರಕ್ತ ಹೊಂಟೈತಿ. ನೀವು ನನ್ನ ಸಾಯಸಾಕ ಬಂದೀರಿ ಅಂತ ತಿಳದೆ" ಎಂದಳು. ನನಗೆ ನಗು ಬಂತು. "ಅದು ರಕ್ತ ಅಲ್ಲವ್ವಾ, ಗುಳಿಗಿ ಬಣ್ಣ. ಗುಳಿಗಿ ಕೆಲಸ ಮಾಡಾಕತ್ತೈತಿ ಅಂತ ತಿಳ್ಕೋ." ಆಕೆ ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ತುಳಸಿಯ ಮಣ್ಣಿನಲ್ಲಿ ಮತ್ತೆ ಏನೂ ಸಿಗಲಿಲ್ಲ. ಕೆಮ್ಮು ಇಳಿಯಿತು. ಗಲ್ಲದ ಗುಳಿ ತುಂಬತೊಡಗಿತು. ನಾನು ಶೇಂಗಾ ಉಂಡಿ ಕಟ್ಟಿಕೊಂಡು ಹೋಗಿ ತಿನ್ನು ಎಂದರೆ ಮಾವನ ಕಡೆ ನೋಡುತ್ತಿದ್ದಳು. ಅವರು ಒಂದು ಉಂಡಿ ಕೈಗೆ ತೆಗೆದುಕೊಂಡು, ಮೂಸಿ ನೋಡಿ, ಆಮೇಲೆ "ತಿನ್ನು" ಎನ್ನುತ್ತಿದ್ದರು.

ಬೇಸಿಗೆ ಶುರುವಾದಾಗ ಊರಿನ ನೋಟ ಬದಲಾಯಿತು. ಬಸ್ಸಿನಿಂದ ಇಳಿದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ನೀರು ಹೊತ್ತು ಬರುವ ಹೆಂಗಸರು ದಾರಿ ಬಿಟ್ಟು ಸರಿಯುತ್ತಿದ್ದರು. ಯಾರೋ ಒಬ್ಬಾಕೆ ನನಗೆ ಕೇಳಲೆಂದೇ ಗಟ್ಟಿಯಾಗಿ, "ಪೂಜಾರ ಮನಿನ ಹಿಡದಾರ ನೋಡವಾ, ಸಣ್ಣ ಮನಿ ಅಲ್ಲ" ಎಂದಳು. ನನಗೆ ಅರ್ಥವಾಯಿತು. ನಾನು ಅವರನ್ನು ನಮ್ಮ ಧರ್ಮಕ್ಕೆ ಸೆಳೆಯಲು ಬರುತ್ತೇನೆ ಎಂದು ಸುದ್ದಿ ಹಬ್ಬಿತ್ತು. ಹಬ್ಬಿಸಿದವರು ಯಾರು? ನನ್ನ ಕಣ್ಣ ಮುಂದೆ ಕಂಬಕ್ಕೆ ಒರಗಿ ಕುಳಿತ ಒಂದೇ ಮುಖ ಬಂತು.

ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮೂವರು ಹುಡುಗರು ಮೋಟರ್ ಸೈಕಲ್ ಅಡ್ಡ ನಿಲ್ಲಿಸಿದರು. ಒಬ್ಬನ ಕೈಯಲ್ಲಿ ಮೊಬೈಲು ನನ್ನ ಕಡೆಗೇ ತಿರುಗಿತ್ತು. ದೊಡ್ಡವನು, "ಅಕ್ಕೋರ, ಚೀಲ ತೆರೀರಿ" ಎಂದ.

"ಯಾಕ?"

"ಏನೈತಿ ಅದ್ರಾಗ?"

"ನನ್ನ ಸಾಮಾನು."

"ಪುಸ್ತಕ ಅದಾವೇನು?"

"ಇಲ್ಲ."

"ಇಲ್ಲಂದ್ರ ತೋರಸಾಕೇನು ಅಡ್ಡಿ? ಖರೆ ಮಂದಿ ಆಗಿದ್ರ ತೋರಸ್ರಿ."

ಅಪ್ಪಾ, ನನ್ನ ಚೀಲದಲ್ಲಿ ಒಂದೇ ಒಂದು ಬೈಬಲ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕ್ಷಣ ಅನ್ನಿಸಿತು. ಅದು ಸಿಕ್ಕರೆ ತೊಂದರೆ ನನಗೆ. ಆದರೆ ಅಲ್ಲಿದ್ದದ್ದು ನೀರಿನ ಬಾಟಲಿ, ಖಾಲಿ ಡಬ್ಬಿ, ರತ್ನಾಳ ಮುಂದಿನ ವಾರದ ಗುಳಿಗೆಯ ಪಟ್ಟಿ. ಅದು ಸಿಕ್ಕರೆ ತೊಂದರೆ ರತ್ನಾಳಿಗೆ. ಮೊಬೈಲಿನಲ್ಲಿ ಆ ಪಟ್ಟಿ ಒಮ್ಮೆ ಕಂಡರೆ ಸಂಜೆಯ ಹೊತ್ತಿಗೆ ಇಡೀ ತಾಲ್ಲೂಕೇ ನೋಡುತ್ತಿತ್ತು. ನಾನು ಚೀಲವನ್ನು ಎದೆಗೆ ಅವಚಿಕೊಂಡೆ. "ತೋರಸೂದಿಲ್ಲ" ಎಂದೆ. ನನ್ನ ದನಿ ನನಗೇ ಕಳ್ಳಿಯ ದನಿಯ ಹಾಗೆ ಕೇಳಿಸಿತು. ದೊಡ್ಡವನು ನಕ್ಕು, "ನೋಡಿದ್ರೇನ್ರಲೇ?" ಎಂದು ಉಳಿದವರಿಗೆ ಹೇಳಿದ. ಬಸ್ಸು ಬಂತು. ಕಂಡಕ್ಟರ್ "ಹತ್ರಿ, ಹತ್ರಿ" ಎಂದು ಕೂಗದೇ ಇದ್ದಿದ್ದರೆ ಏನಾಗುತ್ತಿತ್ತೋ.

ಆ ಭಾನುವಾರ ಚರ್ಚಿನ ಅಂಗಳದಲ್ಲಿ ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಆ ಮೊಬೈಲ್ ಚಿತ್ರ ಅವರ ತನಕ ಬಂದಿತ್ತು. "ನೀವು ಒಬ್ಬರು ಹಟ ಮಾಡಿದ್ರ ನಾಳಿ ನಮ್ಮೆಲ್ಲರ ಬಾಗಿಲಿಗೆ ಬರ್ತಾರ. ಬಿಟ್ಟುಬಿಡ್ರಿ" ಎಂದರು. ಬಿಡಲಾರೆ ಎಂದೆ. ಆಗ ದನಿ ತಗ್ಗಿಸಿ, "ಹೋಗಲಿ, ಇಷ್ಟು ದಿನ ಹೋಗೀರಿ, ಒಂದ ಮಾತರೆ ದೇವರ ಸುದ್ದಿ ಹೇಳೀರೋ ಇಲ್ಲೋ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತ ಯಾತಕ್ಕ ಹೋಗ್ತೀರಿ?" ಎಂದರು. ಅವರ ಮುಖದಲ್ಲಿ ಇದ್ದದ್ದೂ ಅನುಮಾನವೇ. ಹಳ್ಳಿಯವರಿಗೆ ನಾನು ಹೇಳುತ್ತೇನೆ ಎಂದು ಸಿಟ್ಟು, ಇವರಿಗೆ ಹೇಳುವುದಿಲ್ಲ ಎಂದು ಸಂಶಯ. ಕಾಯಿಲೆಯ ಮಾತು ಅವರಿಗೂ ಹೇಳುವ ಹಾಗಿರಲಿಲ್ಲ. ನೀನಾಗಿದ್ದರೆ ಅವರಿಗೆ ಏನು ಹೇಳುತ್ತಿದ್ದೆ? ಚಪ್ಪಲಿ ಹಾಕಿಕೊ ಎನ್ನುತ್ತಿದ್ದೆಯಾ?

ಮರುವಾರ ಠಾಣೆಯಿಂದ ಕರೆ ಬಂತು. ನಾನು ಹೋಗುವಷ್ಟರಲ್ಲಿ ಆ ಹುಡುಗರೂ ಊರ ಹಿರಿಯರಿಬ್ಬರೂ ಬೆಂಚಿನ ಮೇಲೆ ಕುಳಿತಿದ್ದರು. ಅವರ ಪಕ್ಕದಲ್ಲಿ ಪೂಜಾರರು. ಸಾಹೇಬರು ನನಗೂ ಕುರ್ಚಿ ಹಾಕಿಸಿದರು. ಮಾತಿನಲ್ಲಿ ಒರಟುತನ ಇರಲಿಲ್ಲ. "ಅಕ್ಕೋರ, ಆ ಮನ್ಯಾಗ ನಿಮಗ ಏನ್ ಕೆಲಸ ಅಂತ ಹೇಳಿಬಿಡ್ರಿ, ಮುಗೀತು."

ನಾನು ಪೂಜಾರರನ್ನು ನೋಡಿದೆ. ಅವರು ಹೆಗಲ ಮೇಲಿನ ವಸ್ತ್ರದ ಅಂಚು ತಿರುವುತ್ತಿದ್ದರು. ಒಂದು ಮಾತು ಸಾಕಿತ್ತು ಅವರಿಂದ. ಸೊಸೆಗೆ ಆರಾಮಿಲ್ಲ, ಔಷಧ ಕೊಡಲು ಬರುತ್ತಾರೆ ಎಂದರೆ ಮುಗಿಯುತ್ತಿತ್ತು. ಸಾಹೇಬರು ಅವರನ್ನೇ ಕೇಳಿದರು. "ಯಜಮಾನ್ರ, ನಿಮ್ಮ ಮನ್ಯಾಗ ಈಕಿ ಪ್ರಾರ್ಥನಿ ಗೀರ್ಥನಿ ಮಾಡ್ಯಾರೇನು?"

ಪೂಜಾರರು ವಸ್ತ್ರವನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು. "ನನಗ ಗೊತ್ತಿಲ್ರಿ. ನಾ ಗುಡ್ಯಾಗಿರ್ತೀನಿ."

ಕಂಬಕ್ಕೆ ಒರಗಿ ಕುಳಿತು ನನ್ನ ತುಟಿ ಕಾಯ್ದವರು ಇವರೇ. ಸಿಟ್ಟು ನೆತ್ತಿಗೇರಿತು. ಸತ್ಯ ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಹೇಳಿದರೆ ನಾನು ಬಚಾವು, ನಮ್ಮ ಸಭೆ ಬಚಾವು, ಆ ಹುಡುಗರ ಮುಖಕ್ಕೆ ಮಂಗಳಾರತಿ. ಬಾಯಿ ತೆರೆದೆ. ತೆರೆದ ಬಾಯಲ್ಲಿ ಬಂದದ್ದು, "ಸಾಹೇಬ್ರ, ನಿಮ್ಮ ಜೋಡಿ ಒಬ್ಬಾಕೀ ಮಾತಾಡಬೇಕ್ರಿ" ಎಂಬ ಮಾತು. ಬೆಂಚಿನ ಮೇಲೆ ಗುಸುಗುಸು ಶುರುವಾಯಿತು. ಸಾಹೇಬರ ಹುಬ್ಬೂ ಗಂಟಿಕ್ಕಿತು. ಒಳಗಿನ ಕೋಣೆಗೆ ಹೋದ ಮೇಲೂ ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿರಿ ಎಂದಷ್ಟೇ ಹೇಳಿದೆ. ಅವರು ಫೋನು ಹಿಡಿದು ಕಿಟಕಿಯ ಹತ್ತಿರ ಹೋದರು. ತಿರುಗಿ ಬಂದಾಗ ಮುಖ ಬೇರೆಯಾಗಿತ್ತು. "ಇಷ್ಟ ಅಂತ ಅಲ್ಲೇ ಹೇಳಬೇಕಿತ್ರಿ" ಎಂದರು. "ಅಲ್ಲೇ ಹೇಳೂಹಂಗ ಇದ್ರ ನಾ ಇಲ್ಲಿ ತನಕ ಯಾಕ ಬರ್ತಿದ್ದೆನ್ರಿ?" ಎಂದೆ. ಅವರು ಹೊರಗೆ ಬಂದು, "ವಿಚಾರಣಿ ಆತು. ಏನೂ ಇಲ್ಲ. ಎಲ್ಲಾರೂ ಮನಿಗೆ ನಡೀರಿ" ಎಂದರು. ಯಾರೂ ನಂಬಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಹಿಂದಿನಿಂದ, "ಒಳಗ ಏನೋ ಕೊಟ್ಟಾಳ" ಎಂಬ ಮಾತು ಕೇಳಿಸಿತು. ನನ್ನನ್ನಷ್ಟೇ ಅಲ್ಲದೆ ಆ ಪಾಪದ ಸಾಹೇಬರನ್ನೂ ಅನುಮಾನಕ್ಕೆ ಹಾಕಿ ಬಂದ ಹಾಗಾಯಿತು.

ಮುಂದಿನ ಸಲ ರತ್ನಾಳ ಮನೆಗೆ ಹೋಗಲೋ ಬೇಡವೋ ಎಂದು ಬಹಳ ಒದ್ದಾಡಿದೆ. ಗುಳಿಗೆ ನಡುವೆ ಬಿಟ್ಟರೆ ರೋಗ ಗಟ್ಟಿಯಾಗುತ್ತದೆ ಎಂದು ನೀನೇ ಎಷ್ಟು ಜನರಿಗೆ ಬೈದಿದ್ದೆಯಲ್ಲ. ಹೋದೆ. ಪೂಜಾರರು ಕಂಬದ ಹತ್ತಿರ ಇರಲಿಲ್ಲ. ನಾದಿನಿಯೂ ಇರಲಿಲ್ಲ. ರತ್ನಾ ಗುಳಿಗೆ ನುಂಗಿ, ನಾನು ಕೇಳುವ ಮೊದಲೇ ಬಾಯಿ ತೆರೆದು ತೋರಿಸಿದಳು. ಆಮೇಲೆ ನನ್ನ ಕಾಲ ಬಳಿ ಕುಳಿತುಬಿಟ್ಟಳು.

"ಮಾವಾರು ಹೇಳಿದ್ದಲ್ರಿ ಅಕ್ಕೋರ. ನಾನ ಹೇಳೀನಿ."

"ಏನ ಹೇಳೀದಿ?"

"ಬಾಜೂ ಮನಿಯಾಕಿ ಕೇಳಿದ್ಲು, ಆ ಅಕ್ಕೋರು ಯಾಕ ಬರ್ತಾರ ಅಂತ. ಏನ್ ಹೇಳಬೇಕು ತಿಳೀಲಿಲ್ಲ. ಪ್ರಾರ್ಥನಿ ಮಾಡಾಕ ಬರ್ತಾರ, ನಾ ಒಲ್ಲೆ ಅಂತೀನಿ, ಅವರು ಬಿಡವಲ್ರು ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮ ನಾದಿನೀನ ನೋಡಾಕ ಮುಂಡರಗಿ ಕಡೀಂದ ಬಂದು ಹೋಗ್ಯಾರ. ಈ ಮನ್ಯಾಗ ಕ್ಷಯ ಐತಿ ಅಂತ ಗೊತ್ತಾದ್ರ ಬಿಟ್ಟಹೋಗ್ತಾರ. ಪ್ರಾರ್ಥನಿ ಅಂದ್ರ ಮಂದಿ ನಿಮಗ ಬೈತಾರ, ನಮಗಲ್ಲ."

ನಮಗಲ್ಲ. ಎಷ್ಟು ಸಲೀಸಾಗಿ ಹೇಳಿದಳು. ಏಳಬೇಕು, ಚೀಲ ತೆಗೆದುಕೊಂಡು ಹೊರಟುಬಿಡಬೇಕು ಅನ್ನಿಸಿತು. ಇಷ್ಟು ದಿನ ಮುದುಕನನ್ನು ಶಂಕಿಸಿ ಶಂಕಿಸಿ ಸವೆದಿದ್ದೆ. ಕೇಡು ಬಂದದ್ದು ನಾನು ಉಂಡಿ ತಿನ್ನಿಸಿದ ಬಾಯಿಂದ. ಆದರೆ ಏಳಲು ಆಗಲಿಲ್ಲ. ಯಾಕೆ ಎಂದು ನಿನಗೆ ಗೊತ್ತು, ಅಪ್ಪಾ. ನಾನು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನನಗೂ ಇದೇ ಕಾಯಿಲೆ ಬಂದಿತ್ತು. ದವಾಖಾನೆಗೆ ಕರೆದುಕೊಂಡು ಹೋದರೆ ಜನ ನೋಡುತ್ತಾರೆ ಎಂದು ನೀನು ಸಿರಿಂಜು ಕುದಿಸಿಕೊಂಡು ಬಂದು ಮನೆಯಲ್ಲೇ ಬಾಗಿಲು ಹಾಕಿ ಸೂಜಿ ಚುಚ್ಚುತ್ತಿದ್ದೆ. ಕೇಳಿದವರಿಗೆಲ್ಲ "ಟೈಫಾಯ್ಡ್ ಆಗೇತ್ರಿ, ನಿಶ್ಶಕ್ತಿ" ಎನ್ನುತ್ತಿದ್ದೆ. ಎಂದೂ ಸುಳ್ಳಾಡದ ನೀನು ಆ ಒಂದು ಸುಳ್ಳನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತೂ ಹೇಳಿದ್ದೆ. ನನ್ನ ಬಗ್ಗೆ ನಿನಗೆ ನಾಚಿಕೆ ಎಂದು ಆಗ ನಾನು ಗೋಡೆಗೆ ಮುಖ ಮಾಡಿ ಅತ್ತಿದ್ದೆ. ಈಗ ಈ ಹುಡುಗಿ ಕಾಲ ಬಳಿ ಕೂತು ಅಳುವಾಗ ಆ ಟೈಫಾಯ್ಡಿಗೆ ಬೇರೆ ಅರ್ಥ ಇತ್ತೇನೋ ಅನ್ನಿಸಿತು. ಇತ್ತೇ? ಕೇಳೋಣ ಎಂದರೆ ನೀನಿಲ್ಲ.

"ಆತು. ಏಳು" ಎಂದೆ.

ಎರಡು ದಿನ ಬಿಟ್ಟು ಪೂಜಾರರು ಲಕ್ಷ್ಮೇಶ್ವರದ ನನ್ನ ಮನೆಯ ಮುಂದೆ ನಿಂತಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಕ್ಷಮಿಸಿ ಎನ್ನಲು ಬಂದಿದ್ದಾರೆ ಎಂದುಕೊಂಡೆ. ಅದೂ ಇಲ್ಲ. "ನೀವು ಇನ್ನ ಊರಿಗೆ ಬರಬ್ಯಾಡ್ರಿ" ಎಂದರು. ನನ್ನ ಕೋಪ ಮತ್ತೆ ಕೆರಳುವಷ್ಟರಲ್ಲಿ, "ಸೊಸೀನ ನಾನ ಕರಕೊಂಡ ಬರ್ತೀನಿ. ಇಲ್ಲೇ ನಿಮ್ಮೂರ ಸೋಮೇಶ್ವರ ಗುಡಿಗೆ. ಗುಡಿಗೆ ಬಂದವರನ್ನ ಯಾಕ ಬಂದ್ರಿ ಅಂತ ಯಾರೂ ಕೇಳೂದಿಲ್ಲ" ಎಂದರು. ನಾನು ಅವರನ್ನೇ ನೋಡಿದೆ. "ಠಾಣ್ಯಾಗ ಯಾಕ ಹಂಗಂದ್ರಿ, ಯಜಮಾನ್ರ?" ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು: "ಮಗಳು ಬೆಳದು ನಿಂತಾಳ. ನೀವು ಹೇಳಿಬಿಡ್ತೀರಿ ಅಂತ ತಿಳದಿದ್ದೆ. ಹೇಳಲಿಲ್ಲ. ಯಾಕ ಹೇಳಲಿಲ್ಲ?" ಆಗಲೂ ಅವರ ಕಣ್ಣಲ್ಲಿ ಕೃತಜ್ಞತೆಗಿಂತ ಸಂಶಯವೇ ಹೆಚ್ಚು. ನನ್ನ ಮೌನದ ಹಿಂದೆ ಏನೋ ಲೆಕ್ಕಾಚಾರ ಇರಬೇಕು ಎಂದು ಹುಡುಕುತ್ತಿದ್ದರು. "ಹೊತ್ತಾತು, ಬಸ್ಸ ಹೋಗ್ತೈತ್ರಿ" ಎಂದೆ.

ಹಾಗಾಗಿ ಬೆಟಗೇರಿಯ ಕಂಪೌಂಡರನ ಮಗಳು ವಾರಕ್ಕೆರಡು ಸಲ ಚಪ್ಪಲಿ ಕಳಚಿಟ್ಟು ಸೋಮೇಶ್ವರ ಗುಡಿಯ ಪ್ರಾಕಾರದ ನೆರಳಿನಲ್ಲಿ ಕೂರತೊಡಗಿದಳು. ರತ್ನಾ ದರ್ಶನ ಮುಗಿಸಿ ಬಂದು ಪಕ್ಕದಲ್ಲಿ ಕುಳಿತು ಗುಳಿಗೆ ನುಂಗುತ್ತಿದ್ದಳು. ಮಾವ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲಿನ ಕೆತ್ತನೆ ನೋಡುವವರ ಹಾಗೆ ನಿಲ್ಲುತ್ತಿದ್ದರು. ಹೂ ಮಾರುವಾಕೆ ಒಂದು ದಿನ, "ನೀವೂ ಒಂದ ಮಾಲಿ ತೊಗೋರಿ, ಬರೇ ಕೈಲೆ ಬರ್ತೀರಿ" ಎಂದಳು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಪೂಜಾರರ ಎಣಿಕೆ ಸರಿಯಾಗಿತ್ತು. ಆದರೆ ನಮ್ಮ ಸಭೆಯವರೊಬ್ಬರು ಎದುರಿನ ಅಂಗಡಿಯಿಂದ ನನ್ನನ್ನು ನೋಡಿಬಿಟ್ಟಿದ್ದರು. ಪಾದ್ರಿಗಳು ಮನೆಗೆ ಬಂದರು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಚಹಾ ಮುಗಿಯುವ ತನಕ ಮಳೆ ಬೆಳೆ ಮಾತಾಡಿ, ಕೊನೆಗೆ, "ಅಕ್ಕೋರ, ನಿಮ್ಮ ಮನಸ್ಸಿನ್ಯಾಗ ಏನರೆ ಗೊಂದಲ ಐತೇನ್ರಿ?" ಎಂದು ಕೇಳಿದರು. ನಕ್ಕರೆ ಅವಮಾನವಾಗುತ್ತದೆ ಎಂದು ತುಟಿ ಕಚ್ಚಿ ಕುಳಿತೆ. ಊರಿನವರಿಗೆ ನಾನು ಮತ ಬದಲಿಸುವವಳು, ಸಭೆಯವರಿಗೆ ಮತ ಬದಲಿಸಿಕೊಂಡವಳು. "ಗೊಂದಲ ಏನಿಲ್ರಿ. ನನಗಾಗಿ ಪ್ರಾರ್ಥನಿ ಮಾಡ್ರಿ" ಎಂದೆ. ಅವರು ಮಾಡಿದರು. ಆ ಪ್ರಾರ್ಥನೆಯಲ್ಲಿ ದೇಶವೂ ಇರಲಿಲ್ಲ, ಊರೂ ಇರಲಿಲ್ಲ. ನಾನೊಬ್ಬಳೇ ಇದ್ದೆ. ಬಹಳ ಚಿಕ್ಕದಾಗಿತ್ತು.

ನೀನು ಕೇಳದ ಸುದ್ದಿ ಈಗ ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ರತ್ನಾಳ ಔಷಧ ಮುಗಿಯಿತು. ಕಫ ಪರೀಕ್ಷೆಯಲ್ಲಿ ಏನೂ ಉಳಿದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾದಿನಿಯ ಮದುವೆ ಮುಂಡರಗಿಯಲ್ಲಿ ಆಯಿತು. ನನ್ನನ್ನು ಕರೆಯಲಿಲ್ಲ. ಕರೆಯಬಾರದು ಎಂದು ನನಗೂ ಗೊತ್ತಿತ್ತು, ಆದರೂ ಆ ವಾರವೆಲ್ಲ ಬಾಗಿಲಲ್ಲಿ ಯಾರೋ ಬಂದ ಹಾಗೆ ಅನ್ನಿಸುತ್ತಿತ್ತು. ಊರಿನಲ್ಲಿ ಸುದ್ದಿ ಹಾಗೇ ಉಳಿದಿದೆ. ಪೂಜಾರರ ಮನೆಯನ್ನು ಹಾಳು ಮಾಡಲು ಒಬ್ಬ ಅಕ್ಕೋರು ಬರುತ್ತಿದ್ದರಂತೆ, ಹುಡುಗರು ಬಿಡಿಸಿದರಂತೆ.

ಇಲ್ಲಿಗೆ ಮುಗಿದಿದ್ದರೆ ನಿನಗೆ ಈ ಕಾಗದ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಶಿರಹಟ್ಟಿಯಿಂದ ಬಸ್ಸಿನಲ್ಲಿ ಬರುವಾಗ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕುಳಿತಳು. ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. "ನೀವು ಪೂಜಾರ ಮನಿಗೆ ಬರ್ತಿದ್ದ ಅಕ್ಕೋರಲ್ಲೇನ್ರಿ?" ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಆಕೆ ಇನ್ನೂ ಹತ್ತಿರ ಸರಿದಳು. "ಅವರ ಸೊಸಿ ಒಣಗಿ ಕಟಗಿ ಆಗಿದ್ಲು. ಈಗ ಹೆಂಗ ತುಂಬ್ಯಾಳ ನೋಡೀನಿ. ನೀವು ಆಕಿಗೆ ಏನ್ ಪ್ರಾರ್ಥನಿ ಮಾಡಿದ್ರಿ, ಅದನ್ನ ನನಗೂ ಮಾಡ್ರಿ."

ಹಿಂದೆ ತಿರುಗಿ ನೋಡಿದೆ. ಕೊನೆಯ ಸೀಟಿನಲ್ಲಿ ಅಂದು ಚೀಲ ತೆರೆಯಿರಿ ಎಂದಿದ್ದ ದೊಡ್ಡ ಹುಡುಗ ಮೊಬೈಲು ನೋಡುತ್ತ ಕುಳಿತಿದ್ದ. ಈಕೆಯನ್ನು ಅವನೇ ಕಳಿಸಿದನೇ? ನನ್ನ ಬಾಯಿಂದ ಒಂದು ಮಾತು ಹೊರಡಿಸಲೆಂದೇ? ಇಲ್ಲ, ಈಕೆಗೆ ನಿಜಕ್ಕೂ ಪ್ರಾರ್ಥನೆಯಿಂದ ವಾಸಿಯಾಯಿತು ಎಂಬ ನಂಬಿಕೆಯೇ? ಅಥವಾ ಗುಳಿಗೆಯ ವಿಷಯ ಗೊತ್ತಿದ್ದೇ, ಅದನ್ನು ಹೆಸರಿಸಲಾರದೆ ಪ್ರಾರ್ಥನೆ ಎನ್ನುತ್ತಿದ್ದಾಳೆಯೇ? "ಪ್ರಾರ್ಥನಿ ಅಲ್ರಿ, ದವಾಖಾನಿಗೆ ಹೋಗ್ರಿ" ಎಂದೆ. "ಒಬ್ಬಾಕಿ ಹೋದ್ರ ಯಾಕ ಹೊಂಟಿ ಅಂತ ಕೇಳ್ತಾರ್ರಿ. ನಮ್ಮ ಮನಿ ಪೂಜಾರ ಓಣ್ಯಾಗ ಐತಿ, ನೀವು ಸೋಮವಾರ ಬಂದು ಕರಕೊಂಡ ಹೋಗ್ರಿ. ಯಾರರೆ ಕೇಳಿದ್ರ ಪ್ರಾರ್ಥನಿಗೆ ಹೊಂಟೀವಿ ಅಂತೀನಿ." ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಬಸ್ಸಿನ ಕಂಬಿ ಹಿಡಿದು ಬಾಗಿ ಕೆಮ್ಮಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಸೆರಗು ತೆಗೆದಾಗ ಅದನ್ನು ಮಡಿಚಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಏನಂತೀರಿ?" ಎಂದು ಕೇಳಿದಾಗ ಆಕೆಯ ಕಣ್ಣಲ್ಲಿ ನೀರಿತ್ತು, ಕೆಮ್ಮಿನದೋ ಬೇರೆಯದೋ ತಿಳಿಯಲಿಲ್ಲ.

ನಿನ್ನೆ ಡಾಕ್ಟರಮ್ಮನಿಗೆ ಹೇಳಿ ಬಂದಿದ್ದೇನೆ. ಅವರು, "ಬ್ಯಾಡ್ರಿ ಅಕ್ಕೋರ, ಈ ಸಲ ನಾನ ಯಾರನ್ನರೆ ಕಳಿಸ್ತೀನಿ" ಎಂದರು. ಅವರೂ ಈಗ ಈ ಸೀಮೆಯವರಾಗಿದ್ದಾರೆ. ಬೇರೆಯವರು ಹೋದರೆ ಆಕೆ ಬಾಗಿಲು ತೆರೆಯುವುದಿಲ್ಲ ಎಂದು ನನಗೆ ಗೊತ್ತು. ಇದು ಬಲೆಯಾಗಿದ್ದರೆ ಹುಡುಗರು ಬೇವಿನ ಮರದ ಕೆಳಗೇ ಕಾಯುತ್ತಿರುತ್ತಾರೆ. ಆದರೂ ನಾಳೆ ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಹೋಗುತ್ತೇನೆ, ಅಪ್ಪಾ. ಧೈರ್ಯ ಬಂದಿದೆ ಎಂದಲ್ಲ. ಆ ಹೆಂಗಸಿನ ಮಾತಿನಲ್ಲಿ ನನಗೆ ಇನ್ನೂ ನಂಬಿಕೆ ಹುಟ್ಟಿಲ್ಲ, ಆಕೆಯ ಹಿಂದೆ ಯಾರಿದ್ದಾರೆ ಎಂದೂ ಗೊತ್ತಿಲ್ಲ. ಆದರೆ ಆ ಕೆಮ್ಮು ಸುಳ್ಳಲ್ಲ.

ನಿನ್ನ ಮಗಳು